ಸಭೆಯಲ್ಲಿ ಡೀಕನ್ ಆಗಿ ಅಂತ ಕೇಳಿದ್ದಾರಾ? ಮೊದಲ ವರ್ಷಕ್ಕೊಂದು ಕೈಪಿಡಿ

ಪ್ರತಿ ಸಲ ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಹೊಸ ಆಯ್ಕೆ ನಡೆದ ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. "ಪಾಸ್ಟರ್ ನನ್ನ ಹೆಸರು ಹೇಳಿದರು, ಎಲ್ಲರೂ ಕೈ ಎತ್ತಿದರು, ಪ್ರಾರ್ಥನೆಯೂ ಆಯ್ತು. ಈಗ ನಾನು ಡೀಕನ್. ಆದರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ." ಕಾಣಿಕೆ ಚೀಲ ಹಿಡಿಯೋದು, ಕುರ್ಚಿ ಜೋಡಿಸೋದು ಇಷ್ಟೇನಾ ಅಂತ ಕೆಲವರು ಕೇಳುತ್ತಾರೆ. ಪಾಸ್ಟರ್ ಮೇಲೆ ಒಂದು ಕಣ್ಣಿಡೋದೂ ನಮ್ಮ ಕೆಲಸವಾ ಅಂತ ಇನ್ನು ಕೆಲವರು.

ಎರಡಕ್ಕೂ ಉತ್ತರ ಅಲ್ಲ. ಸಭೆಯಲ್ಲಿ ಯಾರೂ ಬಿಟ್ಟುಹೋಗದ ಹಾಗೆ ನೋಡಿಕೊಳ್ಳೋದು ಡೀಕನ್ ಕೆಲಸ. ಅದಕ್ಕೆ ಹಣ ಬೇಕು, ಹಣ ಮುಟ್ಟಿದರೆ ಲೆಕ್ಕ ಬೇಕು. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ಈ ಲೇಖನ ಮುಖ್ಯವಾಗಿ ಬ್ಯಾಪ್ಟಿಸ್ಟ್ ಸಭೆಗಳು ಮತ್ತು ಸ್ವತಂತ್ರ ಸಭೆಗಳಲ್ಲಿ ಆಯ್ಕೆಯಾದ ಸಾಮಾನ್ಯ ವಿಶ್ವಾಸಿಗಳಿಗೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಪ್ಯಾಸ್ಟರೇಟ್ ಕಮಿಟಿಯಲ್ಲಿ, ಅಂದರೆ ಸಭೆಯ ಆಡಳಿತ ಸಮಿತಿಯಲ್ಲಿ ಇರುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

1. ನಿಮ್ಮ ಸಭೆಯಲ್ಲಿ ಡೀಕನ್ ಅಂದರೆ ಯಾರು ಅಂತ ಮೊದಲು ತಿಳಿದುಕೊಳ್ಳಿ

ಇಲ್ಲೇ ಜಾಸ್ತಿ ಗೊಂದಲ. ಹೆಸರು ಒಂದೇ, ಕೆಲಸ ಒಂದೊಂದು ಕಡೆ ಒಂದೊಂದು ಥರ.

ಕಥೋಲಿಕ ಸಭೆಯಲ್ಲಿ ಡೀಕನ್ ದೀಕ್ಷೆ ಪಡೆದವರು. ನಮ್ಮಲ್ಲಿ ಹೆಚ್ಚಿನವರು ಮುಂದೆ ಫಾದರ್ ಆಗುವವರು, ಡೀಕನ್ ಅನ್ನೋದು ಅವರಿಗೆ ಕೊನೆಯ ಮೆಟ್ಟಿಲು. ಡೀಕನ್ ಆಗಿಯೇ ಉಳಿಯುವ ಪದ್ಧತಿ ಶತಮಾನಗಳ ಕಾಲ ನಿಂತೇ ಹೋಗಿತ್ತು. ಅದನ್ನು ಮತ್ತೆ ತರಬಹುದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು, ಪೋಪ್ 6ನೇ ಪೌಲರು 1967ರಲ್ಲಿ ನಿಯಮ ಕೊಟ್ಟರು. ಮದುವೆಯಾದ ಗಂಡಸರೂ ಹೀಗೆ ಡೀಕನ್ ಆಗಬಹುದು. ಆದರೆ ಕನಿಷ್ಠ 35 ವರ್ಷ ಆಗಿರಬೇಕು, ಹೆಂಡತಿಯ ಒಪ್ಪಿಗೆ ಇರಬೇಕು. ಇವರು ದೀಕ್ಷಾಸ್ನಾನ ಕೊಡಬಹುದು, ಪ್ರಸಂಗ ಮಾಡಬಹುದು, ಮದುವೆ ನಡೆಸಬಹುದು. ಬಲಿಪೂಜೆ ಅರ್ಪಿಸುವ ಹಾಗಿಲ್ಲ, ಪಾಪನಿವೇದನೆ ಕೇಳುವ ಹಾಗಿಲ್ಲ.

ಸಿಎಸ್‌ಐನಲ್ಲಿ ಬಿಷಪ್, ಪ್ರೆಸ್ಬಿಟರ್ (ಅಂದರೆ ನಾವು ಅಯ್ಯನವರು ಅನ್ನುವ ಸಭಾಪಾಲಕರು), ಡೀಕನ್ ಅಂತ ಮೂರು ದರ್ಜೆ. ಇಲ್ಲೂ ಡೀಕನ್ ಅಂದರೆ ಸಾಮಾನ್ಯವಾಗಿ ದೇವಶಾಸ್ತ್ರ ಓದಿ ಬಂದು, ಮುಂದೆ ಅಯ್ಯನವರಾಗಲಿರುವವರು. ಬ್ರಹ್ಮಾವರದ ಕಡೆಯ ಆರ್ಥೊಡಾಕ್ಸ್ ಸಭೆಗಳಲ್ಲಿ ಕೇರಳದಿಂದ ಬಂದ ಶೆಮ್ಮಾಶನ್ ಅನ್ನುವ ಮಾತು ಕೇಳಿದ್ದರೆ, ಅದೂ ಡೀಕನ್ನೇ. ಅಲ್ಲೂ ಅದು ದೀಕ್ಷೆ.

ಬ್ಯಾಪ್ಟಿಸ್ಟ್ ಮತ್ತು ಹಲವು ಸ್ವತಂತ್ರ ಸಭೆಗಳಲ್ಲಿ ಹಾಗಲ್ಲ. ಇಲ್ಲಿ ಡೀಕನ್ ಅಂದರೆ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತ ಬ್ಯಾಂಕ್ ಕ್ಲರ್ಕ್, ಟೀಚರ್, ಮೆಕ್ಯಾನಿಕ್. ಸಭೆ ಆರಿಸುತ್ತದೆ, ಇಂತಿಷ್ಟು ವರ್ಷ ಅಂತ ಇರುತ್ತದೆ, ಸಂಬಳ ಇಲ್ಲ. ಕೆಲವು ಕಡೆ ಹಿರಿಯರು ಬೇರೆ, ಡೀಕನ್‌ಗಳು ಬೇರೆ. ಬೋಧನೆ, ಶಿಸ್ತು ಹಿರಿಯರದು. ಹಣ, ಕಟ್ಟಡ, ಸಹಾಯ ಡೀಕನ್‌ಗಳದು. ಕೆಲವು ಕಡೆ ಹಿರಿಯರೇ ಇಲ್ಲ, ಪಾಸ್ಟರ್ ಬಿಟ್ಟರೆ ಡೀಕನ್‌ಗಳೇ.

ಮಾಡಬೇಕಾದ್ದು ಇಷ್ಟು. ನಿಮ್ಮ ಸಭೆಯ ಬೈಲಾ, ಅಂದರೆ ನಿಯಮಾವಳಿಯ ಒಂದು ಪ್ರತಿ ಕೇಳಿ ತಗೊಳ್ಳಿ. ಸೊಸೈಟಿಯಾಗಿಯೋ ಟ್ರಸ್ಟ್ ಆಗಿಯೋ ನೋಂದಣಿ ಆಗಿದ್ದರೆ ಖಂಡಿತ ಒಂದು ಇರುತ್ತದೆ. ಡೀಕನ್ ಅವಧಿ ಎಷ್ಟು, ಚೆಕ್‌ಗೆ ಯಾರು ಸಹಿ ಹಾಕಬೇಕು, ಮೀಟಿಂಗ್ ಕೇಳದೆ ಎಷ್ಟು ಖರ್ಚು ಮಾಡಬಹುದು, ಈ ಮೂರು ಅದರಲ್ಲಿ ಹುಡುಕಿ. "ಬೈಲಾ ಎಲ್ಲೋ ಇದೆ, ಬೀರುವಿನ ಕೀ ಹಳೇ ಸೆಕ್ರೆಟರಿ ಹತ್ರ ಇದೆ" ಅಂದರೆ, ಅದನ್ನು ಹುಡುಕಿಸೋದೇ ನಿಮ್ಮ ಮೊದಲ ಕೆಲಸ.

2. ಬೈಬಲಿನ ಮೂರು ಭಾಗ ಓದಿ, ನಿಧಾನವಾಗಿ

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದ ಮೊದಲ ಏಳು ವಚನ. 1 ತಿಮೊಥೆಯ 3ರಲ್ಲಿ 8ರಿಂದ 13. 2 ಕೊರಿಂಥ 8ರಲ್ಲಿ 20, 21.

ಮೊದಲನೆಯದು ಎಲ್ಲರಿಗೂ ಗೊತ್ತು, ಆದರೆ ಪ್ರಸಂಗದಲ್ಲಿ ಅದು ಬೇಗ ಮುಗಿದುಹೋಗುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನಾ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಇಬ್ರಿಯ ಮಾತಾಡುವವರಿಗೆ ಸಿಗುತ್ತಿದೆ ಅಂತ ಗೊಣಗಾಟ ಎದ್ದಿತು. ಜಗಳ ದೇವಶಾಸ್ತ್ರದ್ದಲ್ಲ, ಭಾಷೆ ಮತ್ತು ಅನ್ನದ್ದು. ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಏನು ಮಾಡಿದರು? ಗೊಣಗಿದವರನ್ನು ಬೈಯಲಿಲ್ಲ. ಒಳ್ಳೆ ಹೆಸರಿರುವ ಏಳು ಜನರನ್ನು ನೀವೇ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅನ್ಯಾಯ ಆಗಿದೆ ಅಂದ ಗುಂಪಿನ ಕೈಗೇ ಹಂಚಿಕೆ ಕೊಟ್ಟ ಹಾಗಿದೆ, ನೋಡಿ. ಈ ಏಳು ಜನರಿಗೆ ಆ ಅಧ್ಯಾಯದಲ್ಲಿ ಡೀಕನ್ ಅನ್ನುವ ಪದವಿ ಕೊಟ್ಟಿಲ್ಲ ಅಂತ ವಾದಿಸುವವರು ಇದ್ದಾರೆ. ಅದು ನಿಜವೇ. ಆದರೂ ಸಭೆಯ ಪರಂಪರೆ ಈ ಕೆಲಸದ ಮೂಲವನ್ನು ಇಲ್ಲೇ ಕಂಡಿದೆ.

ಬೆಂಗಳೂರಿನ ಯಾವುದೇ ಕನ್ನಡ ಸಭೆಗೆ ಹೋಗಿ. ಮನೆಯಲ್ಲಿ ತಮಿಳು ಮಾತಾಡುವವರು, ತೆಲುಗಿನವರು, ಬೀದರ್, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಎಲ್ಲ ಸೇರಿರುತ್ತಾರೆ. ಗೊಣಗಾಟ ಅಲ್ಲೂ ಇದೆ, ಆದರೆ ಡೀಕನ್‌ಗಳೆಲ್ಲ ಒಂದೇ ಎರಡೇ ಮನೆತನದವರಾದರೆ ಅದು ಅವರ ಕಿವಿಗೆ ಬೀಳೋದೇ ಇಲ್ಲ.

ತಿಮೊಥೆಯನಿಗೆ ಬರೆದ ಪತ್ರದಲ್ಲಿ ಡೀಕನ್ ಹೇಗಿರಬೇಕು ಅನ್ನುವ ಪಟ್ಟಿಯಲ್ಲಿ ಒಂದು ವಿಚಿತ್ರ ಇದೆ. ಚೆನ್ನಾಗಿ ಮಾತಾಡಬೇಕು ಅಂತಿಲ್ಲ, ಬೋಧಿಸಬೇಕು ಅಂತಲೂ ಇಲ್ಲ. ಗೌರವಸ್ಥರಾಗಿರಬೇಕು, ಎರಡು ನಾಲಿಗೆ ಇರಬಾರದು, ಕುಡಿತಕ್ಕೆ ಬೀಳಬಾರದು, ಹಣದಾಸೆ ಇರಬಾರದು, ಮನೆ ನೆಟ್ಟಗೆ ನಡೆಸುತ್ತಿರಬೇಕು, ಮೊದಲು ಪರೀಕ್ಷೆ ಆಗಬೇಕು. ಹಣ ಮುಟ್ಟುವ, ಮನೆಮನೆಗೆ ಹೋಗುವ ಕೆಲಸಕ್ಕೆ ಬೇಕಾದದ್ದೇ ಇವೆಲ್ಲ.

ಹೆಂಗಸರು ಡೀಕನ್ ಆಗಬಹುದಾ ಅನ್ನುವ ಪ್ರಶ್ನೆಗೆ ಸಭೆಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಕೆಂಖ್ರೆಯ ಸಭೆಯ ಸೇವಕಿ (ಗ್ರೀಕ್ ಮೂಲದಲ್ಲಿ ಡೀಕನ್ ಅನ್ನುವ ಪದವೇ) ಫೊಯಿಬೆಯ ಹೆಸರಿದೆ, ಅದನ್ನು ಒಪ್ಪದವರೂ ಓದಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಹೆಂಗಸರಿಲ್ಲದ ಡೀಕನ್ ತಂಡಕ್ಕೆ ಸಭೆಯ ಅರ್ಧ ಕಷ್ಟ ಗೊತ್ತೇ ಆಗೋದಿಲ್ಲ. ಪದವಿ ಕೊಡದ ಸಭೆಗಳಲ್ಲೂ ಸಹಾಯದ ಕೆಲಸದಲ್ಲಿ ಅವರನ್ನು ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

3. ಹೂಂ ಅನ್ನುವ ಮುಂಚೆ ಮನೆಯಲ್ಲಿ ಮಾತಾಡಿ

ಭಾನುವಾರ ಮಧ್ಯಾಹ್ನ ಹೋಗುತ್ತದೆ. ರಾತ್ರಿ ಫೋನ್ ಬರುತ್ತದೆ. ಇದನ್ನು ಮನೆಯವರಿಗೆ ಹೇಳಿ.

ನೀವೇ ಸಾಲದಲ್ಲಿ ಮುಳುಗಿದ್ದರೆ ಈ ಸಲ ಬೇಡ ಅನ್ನಿ. ಸಾಲ ತಪ್ಪು ಅಂತಲ್ಲ. ಕೈಯಲ್ಲಿ ಸಭೆಯ ಹಣ, ಮನೆ ಬಾಗಿಲಲ್ಲಿ ಸಾಲ ಕೊಟ್ಟವರು, ಈ ಎರಡೂ ಒಟ್ಟಿಗೆ ಇರುವ ಜಾಗದಲ್ಲಿ ಯಾರೂ ನಿಲ್ಲಬಾರದು. ಕಾರಣ ಹೇಳಬೇಕಾಗಿಲ್ಲ, "ಈ ವರ್ಷ ಆಗಲ್ಲ ಪಾಸ್ಟರ್" ಅಂದರೆ ಸಾಕು.

ಸಭೆಯಲ್ಲಿ ಯಾರ ಜೊತೆಯಾದರೂ ಮಾತು ಬಿಟ್ಟಿದ್ದೀರಾ? ಮೊದಲು ಅದನ್ನು ಸರಿಮಾಡಿ. ಆ ಮನೆಗೂ ನೀವೇ ಹೋಗಬೇಕಾಗುತ್ತದೆ.

4. ಚಾರ್ಜ್ ತಗೊಳ್ಳುವಾಗ ಬಾಯಿಮಾತು ಬೇಡ

ಹಳೆಯ ತಂಡದಿಂದ ಏನೇನು ಬಂತು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬ್ಯಾಂಕ್ ಪಾಸ್‌ಬುಕ್, ಚೆಕ್‌ಬುಕ್, ರಸೀದಿ ಪುಸ್ತಕಗಳು (ಬಳಸಿದ್ದು, ಖಾಲಿ ಎರಡೂ), ಕ್ಯಾಶ್‌ಬುಕ್, ಆಡಿಟ್ ವರದಿ, ಜಾಗದ ಕಾಗದಪತ್ರ ಎಲ್ಲಿವೆ, ಕೀಗಳು ಎಷ್ಟು, ಯಾರ್ಯಾರ ಹತ್ತಿರ. ಕೀಬೋರ್ಡ್, ಮೈಕ್, ಆಂಪ್ಲಿಫೈಯರ್, ಕುರ್ಚಿ, ಸಮಾರಂಭದ ಪಾತ್ರೆಗಳನ್ನು ಎಣಿಸಿ. ಪಾತ್ರೆಗಳನ್ನು ಮದುವೆಗೆ ಅಂತ ತಗೊಂಡು ಹೋದವರು ವಾಪಸ್ ತರದೆ ಇರೋದು ಎಲ್ಲ ಸಭೆಯ ಕಥೆ.

ಇಲ್ಲಿ ಆಗುವ ತಪ್ಪು ಸಂಕೋಚದ್ದು. "ಅಂಕಲ್ ಇಷ್ಟು ವರ್ಷ ನೋಡ್ಕೊಂಡಿದಾರೆ, ಅವರ ಹತ್ರ ಲೆಕ್ಕ ಕೇಳೋದು ಹೇಗೆ?" ಹೀಗೆ ಹೇಳಿ: "ಅಂಕಲ್, ನಾಳೆ ಯಾರೂ ನಿಮ್ಮನ್ನ ಏನೂ ಕೇಳಬಾರದು, ಅದಕ್ಕೆ ಬರ್ಕೊಳ್ಳೋಣ." ಇದು ನಯವಾದ ಮಾತು ಮಾತ್ರ ಅಲ್ಲ, ನಿಜವೂ ಹೌದು.

5. ಕಾಣಿಕೆ ಎಣಿಸುವುದು

ಕೆಲಸ ಸಣ್ಣದು ಅನ್ನಿಸುತ್ತದೆ. ಸಭೆ ಒಡೆಯಲು ಇಷ್ಟೇ ಸಾಕು. ಕೊರಿಂಥದವರಿಗೆ ಬರೆದ ಆ ಎರಡು ವಚನ ಇಲ್ಲಿಗೇ. ಯೆರೂಸಲೇಮಿನ ಬಡವರಿಗೆ ಅಂತ ಕೂಡಿಸಿದ ಹಣವನ್ನು ಸಾಗಿಸುವಾಗ ಅಪೊಸ್ತಲ ಪೌಲ ಜೊತೆಗೆ ಬೇರೆಯವರನ್ನೂ ಕಳಿಸಿದ. ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ, ಜನರ ಮುಂದೆಯೂ ನೇರವಾಗಿರಬೇಕು ಅನ್ನೋದು ಅವನ ಕಾರಣ. ಪೌಲನಿಗೇ ಬೇಕಾಗಿದ್ದ ಸಾಕ್ಷಿ ನಮಗೆ ಬೇಡವಾ?

ಕ್ರಮ ಹೀಗಿರಲಿ.

ಆರಾಧನೆ ಮುಗಿದ ತಕ್ಷಣ, ಚರ್ಚ್ ಒಳಗೇ ಎಣಿಸಿ. ಕನಿಷ್ಠ ಇಬ್ಬರಿರಬೇಕು. ಗಂಡ ಹೆಂಡತಿ ಕೂತರೆ ಅದು ಇಬ್ಬರು ಅಲ್ಲ, ಅಣ್ಣ ತಮ್ಮ ಕೂತರೂ ಅಷ್ಟೇ. ಪಾಸ್ಟರ್ ಎಣಿಸಬಾರದು, ಅವರನ್ನು ನಂಬದೆ ಅಲ್ಲ, ಅವರ ಹೆಸರು ಉಳಿಸಲಿಕ್ಕೆ.

ಚೀಲವನ್ನು ಮೇಜಿನ ಮೇಲೆ ಸುರಿದ ಮೇಲೆ ಒಳಮೈ ಹೊರಗೆ ಮಾಡಿ ನೋಡಿ. ಆ ವೆಲ್ವೆಟ್ ಚೀಲದ ತಳದ ಹೊಲಿಗೆಯಲ್ಲಿ ಮಕ್ಕಳು ನಾಲ್ಕು ಮಡಿಕೆ ಮಾಡಿ ಹಾಕಿದ ಹತ್ತು ರೂಪಾಯಿ ನೋಟು ಸಿಕ್ಕಿಕೊಂಡಿರುತ್ತದೆ. ಮುಂದಿನ ವಾರ ಅದು ಬೇರೆಯವರ ಕೈಗೆ ಸಿಕ್ಕಿದರೆ, ಹೋದ ವಾರ ಎಣಿಸಿದವರ ಮೇಲೆ ಮಾತು ಬರುತ್ತದೆ.

ಕವರ್‌ಗಳನ್ನು ಬೇರೆ ಇಡಿ. ದಶಮಾಂಶ (ಆದಾಯದ ಹತ್ತನೇ ಒಂದು ಪಾಲು), ಕೃತಜ್ಞತಾ ಕಾಣಿಕೆ, ಕಟ್ಟಡ ನಿಧಿ ಅಂತ ಬೇರೆ ಬೇರೆ ಬರೆದಿರುತ್ತಾರೆ. ಒಳಗೆ ಎಷ್ಟಿತ್ತು ಅಂತ ಕವರ್ ಮೇಲೇ ಬರೆಯಿರಿ, ಆಡಿಟ್ ಮುಗಿಯುವವರೆಗೆ ಬಿಸಾಡಬೇಡಿ. ಕೆಲವು ಕವರ್ ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ "ಮಗಳ ಹೆರಿಗೆಗೆ ಪ್ರಾರ್ಥಿಸಿ", "ಮಗನಿಗೆ ಕೆಲಸ" ಅಂತ ಬರೆದಿರುತ್ತಾರೆ. ಎಣಿಸುವ ಅವಸರದಲ್ಲಿ ಅದು ಕಣ್ಣಿಗೆ ಬೀಳೋದಿಲ್ಲ. ತಿರುಗಿಸಿ ನೋಡಿ, ಪಾಸ್ಟರ್‌ಗೆ ತಿಳಿಸಿ. ಕೊಟ್ಟವರಿಗೆ ಒಳಗಿನ ಹಣಕ್ಕಿಂತ ಅದು ದೊಡ್ಡದು.

500, 200, 100, 50, 20, 10, ಚಿಲ್ಲರೆ ಅಂತ ಮುಖಬೆಲೆ ಹಾಕಿ, ಎರಡು ಪ್ರತಿ ಬರೆದು, ಇಬ್ಬರೂ ಸಹಿ ಹಾಕಿ. ಒಂದು ಖಜಾಂಚಿಗೆ, ಒಂದು ಫೈಲಿಗೆ. ಸೋಮವಾರ ಬ್ಯಾಂಕಿಗೆ ಪೂರ್ತಿ ಮೊತ್ತ ಹೋಗಬೇಕು.

ಈ ಪೂರ್ತಿ ಅನ್ನೋದರಲ್ಲೇ ಹೆಚ್ಚಿನವರು ಎಡವುತ್ತಾರೆ. ಸೌಂಡ್‌ನವರು ಬಾಗಿಲಲ್ಲಿ ನಿಂತಿರುತ್ತಾರೆ, ಟೀ ಡಬ್ಬದವನು ಕಾಯ್ತಿರುತ್ತಾನೆ. ಚೀಲದಿಂದಲೇ ಕೊಟ್ಟು, ಉಳಿದದ್ದನ್ನು ಕಾಣಿಕೆ ಅಂತ ಬರೆಯುತ್ತಾರೆ. ಕಳ್ಳತನ ಏನಿಲ್ಲ, ಆದರೆ ಆ ವಾರ ನಿಜವಾಗಿ ಎಷ್ಟು ಬಂತು, ಎಷ್ಟು ಹೋಯ್ತು ಅನ್ನೋದು ಶಾಶ್ವತವಾಗಿ ಕಳೆದುಹೋಯ್ತು. ಇಂಥ ಖರ್ಚಿಗೆ ಪೆಟ್ಟಿ ಕ್ಯಾಶ್, ಅಂದರೆ ಸಣ್ಣ ಖರ್ಚಿನ ಹಣ ಬೇರೆ ಇಡಿ. ಅದಕ್ಕೆ ವೋಚರ್ ಬರೆಯಿರಿ.

ಕ್ಯೂಆರ್ ಕೋಡ್ ಸಭೆಯ ಖಾತೆಯದ್ದೇ ಆಗಿರಬೇಕು. ಪಾಸ್ಟರ್ ನಂಬರ್, ಖಜಾಂಚಿ ನಂಬರ್ ಕೂಡದು. ಗೋಡೆಗೆ ಅಂಟಿಸಿದ ಕೋಡ್ ಮೇಲೆ ಬೇರೆ ಯಾರೋ ತಮ್ಮ ಸ್ಟಿಕರ್ ಅಂಟಿಸಿಲ್ಲ ಅಂತ ಆಗಾಗ ಒಂದು ರೂಪಾಯಿ ಕಳಿಸಿ ನೋಡಿ.

ಬೆಳೆ ಹಬ್ಬದಲ್ಲಿ ಜನ ತಂದುಕೊಟ್ಟದ್ದನ್ನು ಸಭೆಗಾಗಿ ಹರಾಜು ಹಾಕೋದು ಬೇರೆಯದೇ ತಲೆನೋವು. ಒಂದು ಕುಂಬಳಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ, ಎಲ್ಲರೂ ನಗುತ್ತಾರೆ, ಕೂಗಿದವರು ಕಾಯಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಹಣ? "ಮುಂದಿನ ವಾರ ಕೊಡ್ತೀನಿ." ಹರಾಜು ಕೂಗುವವರ ಪಕ್ಕದಲ್ಲೇ ಒಬ್ಬರು ಪುಸ್ತಕ ಹಿಡಿದು ಕೂರಬೇಕು. ವಸ್ತು, ಮೊತ್ತ, ಹೆಸರು, ಕೊಟ್ಟರಾ ಇಲ್ಲವಾ, ನಾಲ್ಕೇ ಕಲಂ. ತಿಂಗಳೊಳಗೆ ಬಾಕಿ ಇದ್ದವರಿಗೆ ಖಾಸಗಿಯಾಗಿ ನೆನಪಿಸಿ. ಪುಲ್ಪಿಟ್‌ನಿಂದ ಹೆಸರು ಓದಬೇಡಿ.

ಯಾರು ಎಷ್ಟು ಕೊಟ್ಟರು ಅನ್ನೋದು ನಿಮ್ಮ ಬಾಯಿಂದ ಹೊರಗೆ ಬರಬಾರದು. ಮನೆಯಲ್ಲೂ ಹೇಳಬೇಡಿ.

ಇನ್ನು ಕಾನೂನು. ಇಲ್ಲಿ ಮೂರು ವಿಷಯಕ್ಕೆ ಜಾಗ್ರತೆ ಬೇಕು. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ. 80ಜಿ ಅಂತ ಜನ ಕರೆಯುವ ತೆರಿಗೆ ವಿನಾಯಿತಿ ಎಲ್ಲ ಸಭೆಗೂ ಇರೋದಿಲ್ಲ. ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದಿಗೆ ಅದು ಸಿಗೋದಿಲ್ಲ. ಸುಮ್ನೆ ಮಾತು ಕೊಡಬೇಡಿ, ಆಡಿಟರ್ ಕೇಳಿ. ಮೂರನೆಯದು ವಿದೇಶದ ಹಣ. ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ವಿದೇಶಿಯರ ಹಣ ತಗೊಳ್ಳುವ ಹಾಗಿಲ್ಲ. ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಸಭೆಯ ಹುಡುಗ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವನ ಅಕ್ಕ ಅಮೆರಿಕದ ಪೌರತ್ವ ತಗೊಂಡಿದ್ದು, ಅವಳು ಕಳಿಸಿದರೆ ಅದು ವಿದೇಶಿ ದೇಣಿಗೆ. ಒಂದೇ ಮನೆ, ಒಂದೇ ಪ್ರೀತಿ, ಆದರೆ ಕಾನೂನು ಬೇರೆ. ಹಣ ಖಾತೆಗೆ ಬೀಳುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

6. ಸಹಾಯ: ಪಟ್ಟಿ ಇಲ್ಲದೆ ನ್ಯಾಯ ಇಲ್ಲ

ಇದೇ ಮುಖ್ಯ ಕೆಲಸ. ರೋಮಿನ ಡೀಕನ್ ಲಾರೆನ್ಸ್ 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಪ್ರಾಣ ಕೊಟ್ಟವರು. ಸಭೆಯ ಸಂಪತ್ತನ್ನು ತಂದೊಪ್ಪಿಸು ಅಂದಾಗ, ಊರಿನ ಬಡವರನ್ನು ಕರೆತಂದು ಇವರೇ ಅಂದರಂತೆ. ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ಜಾತ್ರೆ ನಡೆಯೋದು ಈ ಲಾರೆನ್ಸರ ಹೆಸರಲ್ಲೇ. ಹರಕೆ ಹೊತ್ತು ಹೋಗುವ ಎಷ್ಟೋ ಜನರಿಗೆ ಅವರು ಡೀಕನ್ ಅಂತ ಗೊತ್ತಿರೋದಿಲ್ಲ. ಬಡವರನ್ನು ಕರೆತರಬೇಕಾದರೆ ಅವರು ಯಾರು, ಎಲ್ಲಿದ್ದಾರೆ ಅಂತ ಮೊದಲೇ ಗೊತ್ತಿರಬೇಕಲ್ವಾ? ಹಾಗಾಗಿ ಪಟ್ಟಿಯಿಂದ ಶುರು ಮಾಡಿ.

ಸಭೆಯ ಸದಸ್ಯರ ರಿಜಿಸ್ಟರ್ ತೆಗೆದು ಕೂತುಕೊಳ್ಳಿ. ಒಂಟಿಯಾಗಿರುವ ಹಿರಿಯರು, ಗಂಡನಿಲ್ಲದೆ ಮಕ್ಕಳನ್ನು ಸಾಕುತ್ತಿರುವವರು, ಕಾಯಿಲೆಯವರು, ಕೆಲಸ ಕಳೆದುಕೊಂಡವರು ಯಾರು ಅಂತ ಬರೆಯಿರಿ. ಆಮೇಲೆ ಹೋದ ವರ್ಷ ಯಾರಿಗೆ ಸಹಾಯ ಹೋಗಿದೆ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಷಯ ಗೊತ್ತಾಗುತ್ತದೆ. ಕೇಳಲು ಬರುವವರಿಗೆ ಸಿಕ್ಕಿರುತ್ತದೆ, ನಾಚಿಕೆಯವರಿಗೆ ಸಿಕ್ಕಿರೋದಿಲ್ಲ. ಪಾಸ್ಟರ್ ಮನೆ ಹತ್ತಿರದವರಿಗೆ ಸಿಕ್ಕಿರುತ್ತದೆ, ಸಂಜೆ ಆರಾಧನೆಗೆ ಮಾತ್ರ ಬಂದು ಹಿಂದೆ ನಿಲ್ಲುವವರಿಗೆ ಸಿಕ್ಕಿರೋದಿಲ್ಲ.

ಸತತ ಎರಡು ಮೂರು ಭಾನುವಾರ ಬರದವರಿಗೆ ಫೋನ್ ಮಾಡಿ. "ಯಾಕೆ ಬಂದಿಲ್ಲ?" ಅಂತ ಶುರು ಮಾಡಬೇಡಿ. "ಆಂಟಿ, ಚೆನ್ನಾಗಿದೀರಾ?" ಸಾಕು.

ಮನೆ ಭೇಟಿಗೆ ಇಬ್ಬರು ಹೋಗಿ. ಹೆಂಗಸರು ಮಾತ್ರ ಇರುವ ಮನೆಗೆ ಹೋಗುವಾಗ ಜೊತೆಗೊಬ್ಬ ಹೆಂಗಸು ಇರಲೇಬೇಕು. ಬೈಬಲ್ ಓದಿ ಪ್ರಾರ್ಥಿಸಿ ತಕ್ಷಣ ಎದ್ದುಬಿಡಬೇಡಿ. ಸ್ವಲ್ಪ ಕೂತು, ಅವರು ಕೊಟ್ಟ ಕಾಫಿ ಕುಡಿಯಿರಿ. ಕಷ್ಟದ ಮಾತು ಬರೋದು ಎರಡನೇ ಗುಟುಕಿನ ಹೊತ್ತಿಗೆ.

ಕೊಡುವಾಗ ಆದಷ್ಟು ಆಸ್ಪತ್ರೆ ಬಿಲ್, ಔಷಧಿ ಅಂಗಡಿ, ಸ್ಕೂಲ್ ಫೀಸ್ ಕೌಂಟರಿಗೆ ನೇರ ಕಟ್ಟಿ. ಆದರೆ ಎಲ್ಲದಕ್ಕೂ ಹಾಗೇ ಮಾಡಿದರೆ ಅವಮಾನ ಮಾಡಿದ ಹಾಗಾಗುತ್ತದೆ. ರೇಷನ್ನಿಗೆ ಅಂತ ಕೊಟ್ಟದ್ದನ್ನು ಅವರೇ ಖರ್ಚು ಮಾಡಲಿ.

ಸಭೆಯ ಹಣದಿಂದ ಸಾಲ ಕೊಡಬೇಡಿ. ಆಗುವಷ್ಟು ಕೊಡಿ, ಇಲ್ಲ ಆಗೋದಿಲ್ಲ ಅನ್ನಿ. ಸಾಲ ಅಂತ ಕೊಟ್ಟರೆ ತೀರಿಸಲಾಗದವರು ನಾಚಿಕೆಗೆ ಚರ್ಚಿಗೇ ಬರೋದು ಬಿಡುತ್ತಾರೆ. ಹಣವೂ ಹೋಯ್ತು, ಮನುಷ್ಯರೂ ಹೋದರು.

ಫೋಟೋ ಬೇಡ. ಅಕ್ಕಿ ಚೀಲ ಕೊಡುವ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕುವ ಅಭ್ಯಾಸ ಎಲ್ಲಿಂದ ಬಂತೋ, ಅದನ್ನು ಇವತ್ತೇ ನಿಲ್ಲಿಸಿ. ಲೆಕ್ಕದಲ್ಲಿ "ವೈದ್ಯಕೀಯ ಸಹಾಯ, 1 ಕುಟುಂಬ" ಅಂತ ಬರೆದರೆ ಸಾಕು. ಹೆಸರಿರುವ ಪುಸ್ತಕ ಬೇರೆ ಇರಲಿ, ಪಾಸ್ಟರ್ ಮತ್ತು ಇಬ್ಬರು ಡೀಕನ್‌ಗಳು ಬಿಟ್ಟು ಯಾರೂ ಅದನ್ನು ನೋಡಬಾರದು.

ಸಭೆಯ ಹೊರಗಿನವರಿಗೂ ಸಹಾಯ ಮಾಡಬಹುದು, ಮಾಡಬೇಕು ಕೂಡ. ಅದಕ್ಕೆ ಚರ್ಚಿಗೆ ಬನ್ನಿ ಅನ್ನುವ ಷರತ್ತು ಅಂಟಿಸಬೇಡಿ.

ಸರ್ಕಾರದಿಂದ ಸಿಗಬೇಕಾದ್ದನ್ನು ಕೊಡಿಸೋದೂ ಸಹಾಯವೇ. ವಿಧವಾ ವೇತನ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇವೆ. ಎಷ್ಟೋ ಸಲ ಆಧಾರ್‌ನಲ್ಲಿ ಮೇರಿ, ಬ್ಯಾಂಕ್‌ನಲ್ಲಿ ಮರಿಯಮ್ಮ ಅಂತ ಇದ್ದು ಅರ್ಜಿ ನಿಂತುಹೋಗಿರುತ್ತದೆ. ಒಂದು ಬೆಳಗ್ಗೆ ರಜೆ ಹಾಕಿ ಅವರ ಜೊತೆ ನಾಡಕಚೇರಿಗೆ ಹೋಗಿ ಬನ್ನಿ. ಸಭೆಯ ನಿಧಿಯಿಂದ ಒಂದು ಸಲ ಕೊಡುವ ಸಾವಿರಕ್ಕಿಂತ, ತಿಂಗಳು ತಿಂಗಳೂ ಖಾತೆಗೆ ಬೀಳುವ ಪಿಂಚಣಿ ಅವರಿಗೆ ಹೆಚ್ಚು ಆಸರೆ.

7. ಕರ್ತನ ಭೋಜನದ ಸಿದ್ಧತೆ

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ ಇದು, ಹಲವು ಸಭೆಗಳಲ್ಲಿ ತಿಂಗಳ ಮೊದಲ ಭಾನುವಾರ. ನಡೆಸುವವರು ಪಾಸ್ಟರ್, ಸಿದ್ಧ ಮಾಡಿ ಹಂಚುವವರು ಡೀಕನ್‌ಗಳು. ರಸ ಮನೆಯಲ್ಲೇ ಮಾಡುವುದಾದರೆ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಚೆನ್ನ. ತೊಳೆದು, ಸ್ವಲ್ಪ ನೀರು ಹಾಕಿ ಕುದಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಆರಿಸಿ ಫ್ರಿಜ್‌ನಲ್ಲಿಡಿ. ಶನಿವಾರ ಮಾಡಿ ಭಾನುವಾರ ಮುಗಿಸಿ. ಹೊರಗಿಟ್ಟರೆ ಹುಳಿ ಬರುತ್ತದೆ. ಸಕ್ಕರೆ ಕಾಯಿಲೆಯವರು ಇರುತ್ತಾರೆ, ಸಕ್ಕರೆ ಸುರಿಯಬೇಡಿ.

ಚಿಕ್ಕ ಲೋಟಗಳನ್ನು ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ. ತಟ್ಟೆ ಹಿಡಿದು ಯಾರು ಯಾವ ಸಾಲಿಗೆ ಹೋಗಬೇಕು ಅಂತ ಮುಂಚೆಯೇ ಮಾತಾಡಿಕೊಳ್ಳಿ. ಮೆಟ್ಟಿಲು ಹತ್ತಲಾಗದವರು, ಹೊರಗೆ ಶಾಮಿಯಾನದಲ್ಲಿ ಕೂತವರು ನೆನಪಿರಲಿ. ಉಳಿದದ್ದನ್ನು ಏನು ಮಾಡಬೇಕು ಅಂತ ಪಾಸ್ಟರನ್ನು ಕೇಳಿ, ಸಭೆಯಿಂದ ಸಭೆಗೆ ಪದ್ಧತಿ ಬೇರೆ.

8. ಸಾವಿನ ಮನೆಯಿಂದ ಫೋನ್ ಬಂದಾಗ

ಮೊದಲು ಹೋಗಿ. ಆಮೇಲೆ ಉಳಿದದ್ದು.

ಮನೆಯಲ್ಲಿ ಸತ್ತಿದ್ದರೆ ಡಾಕ್ಟರ್ ಕರೆಸಿ ಸಾವಿನ ಸರ್ಟಿಫಿಕೇಟ್ ಬರೆಸಿ. ಅನುಮಾನದ ಸಾವಾದರೆ ಪೊಲೀಸರಿಗೆ ತಿಳಿಸದೆ ದೇಹ ಮುಟ್ಟಬೇಡಿ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು, ದುಃಖದಲ್ಲಿ ಮನೆಯವರು ಮರೆಯುತ್ತಾರೆ, ನೀವು ನೆನಪಿಸಿ.

ದೊಡ್ಡ ತೊಂದರೆ ಸಮಾಧಿಯ ಜಾಗ. ಹಳೆಯ ಸ್ಮಶಾನಗಳು ಸಾಮಾನ್ಯವಾಗಿ ಒಂದೊಂದು ಪಂಗಡಕ್ಕೆ ಸೇರಿರುತ್ತವೆ. ಸ್ವತಂತ್ರ ಸಭೆಯವರು ಹೋಗಿ ಕೇಳಿದರೆ, ಯಾವ ಸಭೆ, ಪತ್ರ ಎಲ್ಲಿ, ಕುಟುಂಬದ ಗುಂಡಿ ಇದೆಯಾ ಅಂತೆಲ್ಲ ಪ್ರಶ್ನೆ. ಇದನ್ನು ಹೆಣ ಮನೆಯಲ್ಲಿಟ್ಟುಕೊಂಡು ಬಗೆಹರಿಸಲು ಆಗೋದಿಲ್ಲ. ನೀವು ಡೀಕನ್ ಆದ ಮೊದಲ ತಿಂಗಳಲ್ಲೇ ಹತ್ತಿರದ ಸ್ಮಶಾನದ ಕಚೇರಿಗೆ ಹೋಗಿ ನಿಯಮ, ಶುಲ್ಕ, ಬೇಕಾದ ಪತ್ರ ಕೇಳಿ ಬರೆದುಕೊಳ್ಳಿ. ಪೆಟ್ಟಿಗೆ ಮಾಡುವವರ, ಶವ ವಾಹನದವರ, ಗುಂಡಿ ತೋಡುವವರ ನಂಬರ್ ಫೋನಿನಲ್ಲಿರಲಿ. ಯಾವ ಸಭೆಗೂ ಸೇರದೆ ಬಂದು ಹೋಗುವವರ ಹೆಸರನ್ನು ರಿಜಿಸ್ಟರಿಗೆ ಸೇರಿಸಲು ಪಾಸ್ಟರ್‌ಗೆ ನೆನಪಿಸಿ. ನಾಳೆ ಸ್ಮಶಾನದಲ್ಲಿ ಪತ್ರ ಕೇಳಿದಾಗ ಕೊಡಬೇಕಲ್ಲ.

9. ನಿಮ್ಮದಲ್ಲದ ಕೆಲಸ

ಮದುವೆ ನಡೆಸಬೇಡಿ. ಪಾಸ್ಟರ್ ಊರಲ್ಲಿಲ್ಲ, ಮುಹೂರ್ತದ ಹೊತ್ತಾಯ್ತು, "ಬ್ರದರ್ ನೀವೇ ಪ್ರಾರ್ಥನೆ ಮಾಡಿ ಮುಗಿಸಿ" ಅಂತ ಒತ್ತಾಯ ಮಾಡುತ್ತಾರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ದೀಕ್ಷೆ ಅಥವಾ ಸರ್ಕಾರದ ಲೈಸೆನ್ಸ್ ಮುಂತಾದ ಅಧಿಕಾರ ಇದ್ದವರು ಮಾತ್ರ ಮದುವೆ ನಡೆಸಬಹುದು. ಅಧಿಕಾರ ಇಲ್ಲದೆ ನಡೆಸಿದರೆ 10 ವರ್ಷದವರೆಗೆ ಜೈಲಿಗೆ ಅವಕಾಶ ಇದೆ. ಸ್ವತಂತ್ರ ಸಭೆಗಳ ಎಲ್ಲ ಪಾಸ್ಟರ್‌ಗಳಿಗೂ ಈ ಲೈಸೆನ್ಸ್ ಇರೋದಿಲ್ಲ. ನಿಮ್ಮವರಿಗೆ ಇದೆಯಾ ಅಂತ ತಿಳಿದುಕೊಳ್ಳಿ.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ "ಸಭೆಯೊಳಗೇ ಮಾತಾಡಿ ಮುಗಿಸೋಣ" ಅನ್ನುವ ಅಧಿಕಾರ ನಿಮಗಿಲ್ಲ, ಪಾಸ್ಟರ್‌ಗೂ ಇಲ್ಲ. ಪೋಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸೋದು ಕಡ್ಡಾಯ, ತಿಳಿಸದೆ ಇರೋದೇ ಅಪರಾಧ. ಮಕ್ಕಳ ಸಹಾಯವಾಣಿ 1098.

ಪಾಸ್ಟರ್ ಸಂಬಳವನ್ನು ಹತೋಟಿಗೆ ಬಳಸುವ ಡೀಕನ್‌ಗಳು ಇದ್ದಾರೆ. ಪ್ರಸಂಗ ಇಷ್ಟವಾಗಲಿಲ್ಲ ಅಂತ ಚೆಕ್ ತಡ ಮಾಡೋದು, ಬಾಡಿಗೆ ಹಣಕ್ಕೆ ಎರಡು ಸಲ ಕೇಳಿಸೋದು. ಇದು ಕೀಳು ಕೆಲಸ. ಪಾಸ್ಟರ್ ಜೊತೆ ಭಿನ್ನಾಭಿಪ್ರಾಯ ಇದ್ದರೆ ಮೀಟಿಂಗ್‌ನಲ್ಲಿ ಮುಖ ನೋಡಿ ಹೇಳಿ, ನಡಾವಳಿಯಲ್ಲಿ ಬರೆಸಿ. ಪಾರ್ಕಿಂಗ್ ಜಾಗದಲ್ಲಿ ಗುಂಪು ಕಟ್ಟಿಕೊಂಡು ಮಾತಾಡಬೇಡಿ. ಅದೇ ರೀತಿ ಪಾಸ್ಟರ್ ಏನು ಹೇಳಿದರೂ ಸಹಿ ಹಾಕುವ ಡೀಕನ್ ಸಭೆಗೂ ಉಪಯೋಗವಿಲ್ಲ, ಪಾಸ್ಟರ್‌ಗೂ ಇಲ್ಲ. ಖಾಲಿ ಚೆಕ್ ಮೇಲೆ ಸಹಿ ಹಾಕಿ ಇಡೋದಂತೂ ಯಾವ ಕಾರಣಕ್ಕೂ ಬೇಡ.

10. ಅವಧಿ ಮುಗಿದಾಗ

ಮುಗಿದ ಮೇಲೆ ಬಿಡಿ. ಬೈಲಾದಲ್ಲಿ ಮೂರು ವರ್ಷ ಅಂತಿದ್ದರೆ ಮೂರೇ ವರ್ಷ. "ನನ್ನ ಬಿಟ್ಟರೆ ಯಾರಿದಾರೆ" ಅನ್ನಿಸಿದರೆ, ಕೊನೆಯ ವರ್ಷ ಒಬ್ಬ ಚಿಕ್ಕ ವಯಸ್ಸಿನವರನ್ನು ಎಣಿಕೆಗೂ ಮನೆ ಭೇಟಿಗೂ ಜೊತೆಗೆ ಕರೆದುಕೊಂಡು ಹೋಗಿ.

4ನೇ ಹಂತದಲ್ಲಿ ನೀವು ಕೇಳಿ ತಗೊಂಡ ಹಾಳೆಯನ್ನು ಈಗ ನೀವೇ ಬರೆದುಕೊಡಿ. ಸಹಾಯದ ಹೆಸರಿನ ಪುಸ್ತಕವನ್ನು ಹೊಸಬರ ಕೈಗೆ ನೇರ ಕೊಡಿ, ಅದರ ಫೋಟೋ ನಿಮ್ಮ ಫೋನಿನಲ್ಲಿ ಇದ್ದರೆ ಅಳಿಸಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಕಮಿಟಿಯ ಠರಾವಿನ ಪ್ರತಿ ಬೇಕು, ಹೊಸ ಸಹಿದಾರರ ಆಧಾರ್, ಪ್ಯಾನ್ ಬೇಕು. ಬ್ಯಾಂಕಿಗೆ ನೀವೂ ಜೊತೆಗೆ ಹೋಗಿ ಬನ್ನಿ. ಹಳೆಯ ಡೀಕನ್‌ಗಳ ಸಹಿಯಲ್ಲೇ ವರ್ಷಗಟ್ಟಲೆ ಖಾತೆ ನಡೆಯುತ್ತಿರುವ ಸಭೆಗಳು ಬೇಕಾದಷ್ಟಿವೆ. ಅವರಲ್ಲೊಬ್ಬರು ತೀರಿಕೊಂಡ ದಿನ ಪಾಸ್ಟರ್ ಸಂಬಳದ ಚೆಕ್ಕೂ ನಿಲ್ಲುತ್ತದೆ.